ಸರಾಸರಿಯ ಪ್ಯಾಂಟು

೨೦೦೩ರ ಮಾರ್ಚ್ ೧೨, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನರಿಕೊಂಬಿನ ಟೈಲರ್ ಡೊಂಬಯ್ಯನಿಗೆ ತಾನು ಸ್ಥಿತಿವಂತನೆಂಬ ಸುದ್ದಿ ತಲುಪಿತು.

ಸುದ್ದಿ ತಂದವರು ಗಣತಿಗೆ ಬಂದಿದ್ದ ಲೆಕ್ಕದ ಮಾಷ್ಟ್ರು ರಾಮಪ್ರಸಾದ್. ಓಣಿಯ ತಲಾ ಆದಾಯ ಮಿತಿಗಿಂತ ಕಡಿಮೆ ಇದ್ದರೆ ಮಾತ್ರ ಪಂಚಾಯತಿನ ನಳ್ಳಿ, ಅದೂ ಓಣಿಗೆಲ್ಲ ಸೇರಿ ಒಂದೇ. ಓಣಿಯಲ್ಲಿ ಆರು ಮನೆ. ಐದರಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಆರನೆಯದು ಗಲ್ಫಿನ ದಮ್ಮಾಮ್‌ನಲ್ಲಿ ದುಡಿದು ಬಂದ ನಿಝಾಮುದ್ದೀನನ ಎರಡಂತಸ್ತಿನ ಮನೆ. ಎಲ್ಲರದ್ದನ್ನೂ ಕೂಡಿಸಿ ತಲೆಗೆ ಹಂಚಿದರೆ ಮಿತಿ ದಾಟಿಹೋಗುತ್ತಿತ್ತು.

ಡೊಂಬಯ್ಯನ ಹೆಂಡತಿ ಪದ್ಮಾಕ್ಷಿಯ ಮೊಣಕಾಲು ಹಲಸಿನಕಾಯಿಯಂತೆ ಊದಿತ್ತು. ಆ ಕಾಲಲ್ಲೇ ಆಕೆ ದಿನಕ್ಕೆ ಆರು ಸಲ ಬಾವಿಗೆ ಹೋಗಬೇಕು. ಬರುವ ತಿಂಗಳ ಬಿಸು ಹಬ್ಬದೊಳಗೆ ನಳ್ಳಿ ತರಿಸುತ್ತೇನೆಂದು ಆತ ಮಾತು ಕೊಟ್ಟಿದ್ದ.

"ಮಾಷ್ಟ್ರೇ, ನಿಝಾಮನ ಸೊಂಟ ನಲವತ್ತೆರಡು, ನನ್ನದು ಇಪ್ಪತ್ತೆಂಟು. ಸರಾಸರಿ ಮೂವತ್ತೈದಕ್ಕೆ ಎರಡು ಪ್ಯಾಂಟು ಹೊಲಿದರೆ ಅವನದ್ದು ಹರಿಯುತ್ತದೆ, ನನ್ನದು ಜಾರುತ್ತದೆ."

"ದೇಶಕ್ಕೇ ಅಂಥ ಪ್ಯಾಂಟು ಹೊಲಿದು ಆಗಿದೆ ಡೊಂಬಯ್ಯ," ಎಂದರು ಮಾಷ್ಟ್ರು. ಹೋಗುವಾಗ ಆಕಾಶ ನೋಡುತ್ತ, "ಬೀಗ ಹಾಕಿದ ಮನೆ ಮಾತ್ರ ಪಟ್ಟಿಗೆ ಸೇರುವುದಿಲ್ಲ. ಮೂರು ಗಂಟೆಗೆ ಪುನಃ ಬರ್ತೇನೆ" ಎಂದು ಗಾಳಿಗೆ ಹೇಳಿದಂತೆ ಹೇಳಿದರು.

ಡೊಂಬಯ್ಯ ಓಡಿದ. ನಿಝಾಮುದ್ದೀನ್ ವಿಷಯ ಕೇಳಿ ನಕ್ಕ. ಸಣ್ಣವನಿದ್ದಾಗ ಪದ್ಮಾಕ್ಷಿಯ ಕೈಯ ಗಂಜಿ ಉಂಡವನು. "ಅಕ್ಕನ ಕಾಲಿಗೆ ಅಂತಾದರೆ ಗುರುವಾಯನಕೆರೆಯ ಮಾವನ ಮನೆಗೆ ಹೋಗಿಬರುವ. ಆದರೆ ಡೊಂಬಯ್ಯಣ್ಣ, ಈ ಮನೆಗೆ ಬೀಗವೇ ಇಲ್ಲ." ತಾಯಿ ರುಖಿಯಮ್ಮ ಯಾವಾಗಲೂ ಮನೆಯಲ್ಲೇ ಇರುವುದರಿಂದ ಆ ಮನೆಗೆ ಬೀಗದ ಅಗತ್ಯವೇ ಬಿದ್ದಿರಲಿಲ್ಲ. ಆ ರುಖಿಯಮ್ಮನೋ, ಕಾವು ಕೂತ ಹೇಂಟೆಯನ್ನು ಬಿಟ್ಟು ಬರಲೊಲ್ಲರು. ಕೊನೆಗೆ ಹೇಂಟೆ ಮೊಟ್ಟೆಗಳ ಸಮೇತ ಬುಟ್ಟಿಯಲ್ಲಿ ಕುಳಿತು ಮದುಮಗಳಂತೆ ಬಸ್ಸು ಹತ್ತಿತು.

"ತಲೆ ಲೆಕ್ಕದಲ್ಲಿ ಇದರದ್ದೂ ಬರ್ತದಾ?" ಎಂದು ರುಖಿಯಮ್ಮ ಕಿಟಕಿಯಿಂದ ಕೇಳಿದರು.

ಡೊಂಬಯ್ಯ ತನ್ನ ಅಂಗಡಿಯ ಬೀಗವನ್ನು ಆ ಬಾಗಿಲಿಗೆ ಜಡಿದ. ಅಂಗಡಿಗೆ ಬೀಗ ಇಲ್ಲದಾಯಿತು. ಜನರ ಬಟ್ಟೆ ಬಿಟ್ಟು ಕದಲುವಂತಿಲ್ಲ. ಮಧ್ಯಾಹ್ನದ ಊಟವನ್ನೂ ಬಿಟ್ಟು, ಓಣಿಯ ತುದಿಯ ಆ ಅಂಗಡಿಯಲ್ಲೇ ಕಾವು ಕೂತ ಎರಡನೆಯ ಹೇಂಟೆಯಂತೆ ಕಾದ.

ಎಣಿಕೆ ಮುಗಿಸಿ ನಾಲ್ಕಕ್ಕೆ ಮಾಷ್ಟ್ರು ನಗುತ್ತಾ ಬಂದರು. ಆದಾಯ ಮಿತಿಯೊಳಗೆ ಬಂದಿತ್ತು, ನಳ್ಳಿ ಮಂಜೂರು. ಪಂಚಾಯತಿನ ಕೂಸಪ್ಪ ಮುಖ್ಯ ಪೈಪು ಮುಗಿಯುವಲ್ಲಿ, ನಿಝಾಮುದ್ದೀನನ ಗೇಟಿನ ಬದಿಗೆ, ಆಗಲೇ ಗೂಟ ಹೊಡೆಯುತ್ತಿದ್ದ.

"ನನ್ನ ಮನೆ ಓಣಿಯ ಆ ಕೊನೆಯಲ್ಲಲ್ವಾ ಮಾಷ್ಟ್ರೇ?"

"ನಿಮ್ಮಲ್ಲಿಗೂ ಹೋಗಿದ್ದೆ. ಬೀಗ ಹಾಕಿತ್ತು."

ಪದ್ಮಾಕ್ಷಿ ಬೀಗ ಹಾಕಿ ಎಲ್ಲಿಗೆ ಹೋಗಿದ್ದಳೆಂದು ಡೊಂಬಯ್ಯ ಕೇಳಬೇಕಾಗಿರಲಿಲ್ಲ. ಬಾವಿಗೆ.

"ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು," ಮಾಷ್ಟ್ರು ದನಿ ತಗ್ಗಿಸಿದರು. "ನಳ್ಳಿಗೆ ಮನೆಗಳ ಸರಾಸರಿ ದೂರ ಐವತ್ತು ಮೀಟರಿನೊಳಗೆ ಇರಬೇಕು. ಉಳಿದ ನಾಲ್ಕು ಮನೆಗೆ ಇಪ್ಪತ್ತು ಬರ್ತದೆ. ನಿಮ್ಮದನ್ನು ಸೇರಿಸಿದರೆ ಐವತ್ತೆಂಟು ದಾಟುತ್ತದೆ, ಯಾರಿಗೂ ನಳ್ಳಿ ಇಲ್ಲ. ಸೇರಿಸಬೇಕಾ, ಹೇಳಿ."

ನಾಲ್ಕು ಮನೆಯ ಹೆಂಗಸರು ಗೂಟದ ಸುತ್ತ ನಿಂತು, ಈಗಲೇ ನೀರು ಬಂದಂತೆ ಸರದಿಗೆ ಜಗಳವಾಡುತ್ತಿದ್ದರು. ಡೊಂಬಯ್ಯ ಅವರನ್ನು ನೋಡಿದ.

"ಬೇಡ ಮಾಷ್ಟ್ರೇ. ಬೀಗ ಹಾಕಿದ ಮನೆ."

ಸಂಜೆ ನಿಝಾಮುದ್ದೀನ್ ಬಂದು, ಕೀಲಿ ಪಡೆದು ಮನೆ ತೆರೆದು, ಅಂಗಡಿಯ ಬೀಗ ಮರಳಿಸಿದ. ಡೊಂಬಯ್ಯ ಕೊರಳಿನ ಟೇಪನ್ನು ನೆಲಕ್ಕೆ ಹಾಸಿ, ಬಗ್ಗಿ ಬಗ್ಗಿ ಗೂಟದಿಂದ ಮನೆಗೆ, ಮನೆಯಿಂದ ಬಾವಿಗೆ ಅಳೆದ. ಪದ್ಮಾಕ್ಷಿ ಬಾವಿಕಟ್ಟೆಯಲ್ಲಿ ಕುಳಿತು ನೋಡುತ್ತಿದ್ದಳು. ಕತೆಯೆಲ್ಲ ಅವಳ ಕಿವಿಗೆ ಬಿದ್ದಾಗಿತ್ತು.

"ಭೂಮಿಗೆ ಅಂಗಿ ಹೊಲಿಯಲಿಕ್ಕುಂಟಾ?" ಎಂದಳು. "ಅಳೆದದ್ದು ಸಾಕು. ಊಟ ಮಾಡಲಿಲ್ಲ ನೀವು. ಬನ್ನಿ, ಒಂದು ಕೊಡಪಾನ ಹಿಡ್ಕೊಳ್ಳಿ."

ಆತ ಎರಡು ಕೊಡಪಾನವನ್ನೂ ಹಿಡಿದುಕೊಂಡ.

ಮನೆಯಿಂದ ಹೊಸ ನಳ್ಳಿಗೆ ೨೧೪ ಮೀಟರ್. ಹಳೆಯ ಬಾವಿಗೆ ೨೧೧.