ನಾನು ಅಂಟಿಸಿದ ಬಹುವಚನಗಳು

"ನಾಳೆಯ ಪರೀಕ್ಷೆಗೆ ಇಂಗ್ಲಿಷಿನ ಅಡ್ಡಾದಿಡ್ಡಿ ಬಹುವಚನಗಳನ್ನೆಲ್ಲ ನಿನ್ನ ನಾಲಿಗೆ ತುದಿಗೆ ತರದಿದ್ದರೆ ನಾನು ನಿನ್ನಪ್ಪನೇ ಅಲ್ಲ!" ಎಂದು ಮಗಳ ಮುಂದೆ ತೊಡೆ ತಟ್ಟಿದೆ.

ಇಪ್ಪತ್ತು ವರ್ಷ ಕಚೇರಿ ಕಡತಗಳಿಗೆ ಚೀಟಿ ಅಂಟಿಸಿದ ಕೈ ಇದು. ನಾನು ಅಂಟಿಸಿದ್ದನ್ನು ಕಿತ್ತ ಶೂರ ಇನ್ನೂ ಹುಟ್ಟಿಲ್ಲ! ಹೊಲಿಗೆ ಮಷಿನ್ನಿನ ಮೇಲೆ ಚೀಟಿಗಳ ಕಟ್ಟು ಸಿಕ್ಕಿತು. ಒಂದು ಬದಿ ಏನೋ ಗೀಚು, ಇನ್ನೊಂದು ಬದಿ ಖಾಲಿ. ಖಾಲಿ ಬದಿಯಲ್ಲಿ ಬರೆದೆ, ಗೀಚಿದ ಬದಿಗೆ ಕಚೇರಿಯ ಅಂಟು ಬಳಿದೆ. ಕನ್ನಡಿ ಪಕ್ಕ ಟೂತ್–ಟೀತ್, ಹೊಸ್ತಿಲ ಬಳಿ ಫುಟ್–ಫೀಟ್, ಡಬ್ಬಗಳ ಹಿಂದೆ ಮೌಸ್–ಮೈಸ್. ಒಂದಾದರೂ ಹಿಂಡಾದರೂ ಶೀಪ್ ಶೀಪೇ. ಅದನ್ನು ಅಂಟು ಉಕ್ಕುವಂತೆ ಕುರ್ಚಿಯ ಬೆನ್ನಿಗೆ ಒತ್ತಿ, ಅಲ್ಲೇ ಒರಗಿ ಕೂತು ನನ್ನ ಸಾಮ್ರಾಜ್ಯ ವೀಕ್ಷಿಸಿದೆ.

ಮೂರು ಗಂಟೆಗೆ ನನ್ನವಳು ಮಷಿನ್ನಿನ ಮುಂದೆ ಕೂತಳು. ಕೂತವಳು ಎದ್ದಳು.

"ರೀ, ಇಲ್ಲಿದ್ದ ಅಳತೆ ಚೀಟಿಗಳೆಲ್ಲಿ?"

"ಮಗಳ ವಿದ್ಯೆಗೆ ಅರ್ಪಣೆಯಾಗಿವೆ!"

"ಅಯ್ಯೋ ನಿಮ್ಮ! ಐದಕ್ಕೆ ಹಲ್ಲಿನ ಡಾಕ್ಟ್ರಮ್ಮ ಬಿಳಿ ಕೋಟಿಗೆ ಬರ್ತಾರೆ. ನಾಳೆ ಅವರ ಹೊಸ ಕ್ಲಿನಿಕ್ ಶುರು. ಒಬ್ಬರ ಹತ್ರಾನೂ ಎರಡನೇ ಸಲ ಅಳತೆ ಕೇಳಿದವಳಲ್ಲ ನಾನು!"

ಕೆರೆದೆವು. ಚೀಟಿ ಬರಲಿಲ್ಲ, ಗೋಡೆಯ ಬಣ್ಣ ಬಂತು. ಬಿಸಿನೀರು ಹಾಕಿ ಬಿಡಿಸಿದೆವು, ಯಾರ್ಯಾರದೋ ಸೊಂಟ, ಯಾರ್ಯಾರದೋ ತೋಳು! ಡಾಕ್ಟ್ರಮ್ಮನದು ಮಾತ್ರ ಇಲ್ಲ. ಕುರ್ಚಿಯಲ್ಲಿ ಬರೀ ಅಂಟು.

"ಅಪ್ಪಾ, ನಿನ್ನ ಬೆನ್ನ..."

"ಸುಮ್ನೆ ಓದ್ಕೋ!"

"ಅದಲ್ಲಪ್ಪಾ..."

"ಶ್!"

ನನ್ನವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅವರೂ ನಿಮ್ಮಷ್ಟೇ ಎತ್ತರ, ನಿಮ್ಮಷ್ಟೇ ಗಾತ್ರ. ನಿಂತ್ಕೊಳ್ಳಿ!"

"ನಾನಾ?"

"ಉಸಿರು ಬಿಡ್ಬೇಡಿ, ಗುಂಡುಸೂಜಿ ಇದೆ."

ಕತ್ತರಿಸಿದ ಬಟ್ಟೆ ಹೆಗಲೇರಿತು. ಸೂಜಿ, ಹೊಲಿಗೆ, ಮತ್ತೆ ಸೂಜಿ! ಮುಳ್ಳುಹಂದಿಯಾಗಿ ಒಂದೂವರೆ ಗಂಟೆ ಗಡಿಯಾರ ನೋಡುತ್ತ ನಿಂತೆ. ಕೊನೆಯ ಗುಂಡಿ ಹೊಲಿದಾಗ ಯಾರೋ ಬಾಗಿಲು ಬಡಿದರು.

ಡಾಕ್ಟ್ರಮ್ಮ ಒಳಬಂದರು. ಇವಳು ನನ್ನ ಮೈಮೇಲಿಂದ ಕೋಟು ಎಳೆದು ಅವರಿಗೆ ತೊಡಿಸಿದಳು. ಅಚ್ಚು ಹೊಯ್ದಂತೆ ಕೂತಿತು! ಗೆದ್ದೆನೆಂದು ನಾನು ಒಳಗೆ ಹೊರಟೆ.

"ಸ್ವಲ್ಪ ನಿಲ್ಲಿ," ಎಂದು ಡಾಕ್ಟ್ರಮ್ಮ ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. "ಬಿಳಿ ಕೋಟು, ಹಲ್ಲಿನ ಡಾಕ್ಟ್ರು, ತೋಳು ಇಪ್ಪತ್ತೆರಡು... ನನ್ನ ಅಳತೆ ನಿಮ್ಮ ಬೆನ್ನ ಮೇಲೆ ಯಾಕಿದೆ?"

"ಆಗಿಂದ ಅದನ್ನೇ ಹೇಳ್ತಿದ್ದೆ," ಎಂದಳು ಮಗಳು.

ನನ್ನವಳು ಹಲ್ಲಿನಿಂದ ದಾರ ಕಡಿದಳು. "ನಮ್ಮನೆಯವರು, ಡಾಕ್ಟ್ರಮ್ಮಾ. ಪುಣ್ಯಕ್ಕೆ ಇವರೊಬ್ಬರೇ. ಇವರಿಗೂ ಒಂದು ಬಹುವಚನ ಇದ್ದಿದ್ರೆ, ನಾನು ಗೋಡೆ ಹತ್ತಿ ಓಡಿಹೋಗ್ತಿದ್ದೆ!"