ಬ್ಲೇಡಿಗಿಟ್ಟ ಬೊಟ್ಟು

ಆಯುಧಪೂಜೆಯ ದಿನ, ಕಸ ಗುಡಿಸುವ ಬಸವಮ್ಮ ಲ್ಯಾಬಿನ ಒಂದು ಯಂತ್ರವನ್ನೂ ಬಿಟ್ಟಿರಲಿಲ್ಲ. ಫ್ಯಾನಿನಿಂದ ಗಾಳಿ ಬಿಟ್ಟು ಪರೀಕ್ಷಿಸುವ ಗಾಳಿಸುರಂಗದೊಳಗೆ ಸಾಲಾಗಿ ನಿಲ್ಲಿಸಿದ್ದ ಏಳು ಟರ್ಬೈನ್ ಬ್ಲೇಡುಗಳಿಗೂ ಕುಂಕುಮ ಕಲಸಿ ದಪ್ಪ ಬೊಟ್ಟಿಟ್ಟಿದ್ದರು. ಹಬ್ಬದ ಬೊಟ್ಟು, ಒರೆಸಬಾರದು ಎಂದು ಸಂಶೋಧನಾ ವಿದ್ಯಾರ್ಥಿ ಪವಮಾನನೂ ಹಾಗೇ ಬಿಟ್ಟಿದ್ದ.

ಬ್ಲೇಡುಗಳ ನಡುವೆ ಗಾಳಿ ಹೇಗೆ ಹರಿಯುತ್ತದೆಂದು ಅವನು ಎರಡು ವರ್ಷ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಒಂದು ಗೆರೆ ಎಳೆದಿದ್ದ. ಪೂಜೆ ಮುಗಿದ ಮೇಲೆ ನಿಜವಾದ ಗಾಳಿ ಬಿಟ್ಟು ವಾರವಿಡೀ ಅಳೆದರೆ, ಅಳತೆಯ ಚುಕ್ಕಿಗಳು ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಗೆರೆಯಿಂದ ದೂರ ಕೂತವು. ಇವತ್ತು ಮಧ್ಯಾಹ್ನ ಪರೀಕ್ಷಕರು ರುಜು ಹಾಕದಿದ್ದರೆ ಅವನ ಪಿಎಚ್‌.ಡಿ. ಪ್ರಬಂಧ ಮುಂದಕ್ಕೆ ಹೋಗುವುದಿಲ್ಲ.

"ಗೆರೇನೇ ಚುಕ್ಕಿ ಹತ್ರ ಎಳ್ಕೊಂಬಾ ಕಣೋ," ಎಂದ ಪಕ್ಕದ ಮೇಜಿನ ವಿಜಯ್‌ಕುಮಾರ್. "ಒಂದ್ ನಂಬರ್ ತಿರುಚ್ಬುಟ್ರೆ ಯಾರಿಗ್ ಗೊತ್ತಾಯ್ತದೆ?"

ಪವಮಾನ ತಿರುಚಿದ. ಹಳೆಯ ಗೆರೆಯ ಪ್ರಿಂಟನ್ನು ಕಸದ ಬುಟ್ಟಿಗೆ ಹಾಕುವಾಗ ಕೈ ಒಂದು ಕ್ಷಣ ತಡೆಯಿತು. ಅಷ್ಟೆ.

ಪರೀಕ್ಷಕ ಚಂದ್ರಮೌಳಿಯವರು ಹೊಸ ಗ್ರಾಫ್ ನೋಡಿ ತಲೆದೂಗಿದರು. ಪೆನ್ನಿನ ಮುಚ್ಚಳ ತೆಗೆದು, "ಒಂದ್ಸಲ ಗಾಳಿ ಬಿಟ್ಟು ತೋರಿಸಪ್ಪ," ಎಂದರು.

ಫ್ಯಾನ್ ಊಳಿಟ್ಟಿತು. ಚುಕ್ಕಿಗಳು ಒಂದೊಂದಾಗಿ ಪರದೆಗೆ ಬಂದವು. ಒಂದೂ ಹೊಸ ಗೆರೆಯ ಮೇಲೆ ಕೂರಲಿಲ್ಲ.

"ಬಸವಮ್ಮೋರೇ, ಒಳಗೇನಾದ್ರೂ ಮುಟ್ಟಿದ್ರಾ?" ಪವಮಾನ ಕೇಳಿದ.

"ದೊಡ್ಡೋರು ಬತ್ತಾರೆ ಅಂದ್ರಲ್ಲ, ನೀನು ಊಟಕ್ಕೋದಾಗ ಒರೆಸ್ದೆ ಕಣಪ್ಪ. ಕುಂಕುಮ ಒಣಗಿ ತೂತೆಲ್ಲ ಮುಚ್ಕೊಂಡಿತ್ತು. ಸೂಜೀಲಿ ಕಿತ್ತಾಕ್ಬುಟ್ಟೆ."

ಗಾಳಿಯ ಒತ್ತಡ ಅಳೆಯಲು ಬ್ಲೇಡಿನ ಮೈಗೆ ಕೊರೆದಿದ್ದ ತೂತುಗಳು ಅವು. ವಾರವಿಡೀ ಅವನು ಅಳೆದದ್ದು ಕುಂಕುಮವನ್ನು.

"ತಗೊಳ್ಳಿ ಸಾರ್, ಪೂಜೆ ಪುರಿ," ಬಸವಮ್ಮ ಪರೀಕ್ಷಕರಿಗೆ ಪೊಟ್ಟಣ ಕೊಟ್ಟರು. ಅವರು ಪೊಟ್ಟಣ ಬಿಡಿಸಿ ಪುರಿ ಬಾಯಿಗೆ ಹಾಕಿಕೊಂಡರು; ಅಗಿಯುವುದನ್ನು ನಿಲ್ಲಿಸಿದರು. ಕಾಗದದ ಮೇಲೊಂದು ಗೆರೆ. ಪರದೆಯ ಚುಕ್ಕಿಗಳೆಲ್ಲ ಅದೇ ದಾರಿಯಲ್ಲಿದ್ದವು. ಕೆಳಗೆ ಪವಮಾನನ ಹೆಸರು, ಪೂಜೆಗೆ ಮುಂಚಿನ ತಾರೀಖು.

"ಈ ಲೆಕ್ಕ ಯಾರದು?"

"ನಂದೇ ಸಾರ್."

"ಸರಿಯಾಗೇ ಇದೆಯಲ್ಲ. ಮತ್ತೆ ನಂಗೆ ತೋರಿಸಿದ್ದು?"

"ಅದೂ ನಂದೇ ಸಾರ್."

ಚಂದ್ರಮೌಳಿಯವರು ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದರು. ಪವಮಾನ ಮೇಜಿನ ಮೇಲೆ ಚೆಲ್ಲಿದ್ದ ಪುರಿಯನ್ನು ಒಂದೊಂದಾಗಿ ಆರಿಸತೊಡಗಿದ.

"ಒಳ್ಳೆ ಪೇಪರು ಕಣಪ್ಪ," ಎಂದರು ಬಸವಮ್ಮ, "ಯಾಕ್ ಬಿಸಾಕ್ಬುಟ್ಟಿದ್ದೆ?"