ಸಕ್ಕರಿ ಬಂದ ಡ್ರೈವರನ ಲೈಸೆನ್ಸು

ನಾ ಹೇಳೋದನ್ನ ನೀವು ನಂಬಂಗಿಲ್ಲ, ನನಗೆ ಗೊತ್ತು. ನಂಬಬ್ಯಾಡ್ರಿ. ಧೈರ್ಯ ಇದ್ದರೆ ಪುಣೆಯ ಸದಾಶಿವ ಪೇಠಕ್ಕೆ ಹೋಗಿ ನೋಡ್ರಿ. ನಾನು ಬಾಡಿಗೆಗೆ ಇದ್ದ ವಾಡೆಯನ್ನು, ಅಂದರೆ ನಡುವೆ ಅಂಗಳ ಇದ್ದ ಹಳೇ ದೊಡ್ಡ ಮನೆಯನ್ನು, ಕೆಡವಿ ಈಗ ಏಳು ಅಂತಸ್ತು ಎಬ್ಬಿಸುತ್ತಿದ್ದಾರೆ, ಆದರೆ ಎದುರಿಗಿನ ಹಿಟ್ಟಿನ ಗಿರಣಿಯವ ಇನ್ನೂ ಇದ್ದಾನೆ. "ಇಲ್ಲೊಬ್ಬ ಕನ್ನಡದ ಡ್ರೈವರ ಇದ್ದನಲ್ಲಾ" ಅಂತ ಬರೀ ಬಾಯಿ ತೆಗೀರಿ ಸಾಕು. ಅವನು ಗಿರಣಿ ಬಂದ್ ಮಾಡಿ ಹೊರಗೆ ಬಂದು ಹೇಳದಿದ್ದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ಮಂದಿಗೆ ಜನ್ಮಕ್ಕೊಮ್ಮೆ ಆಗುವಂಥದ್ದು ನನಗೆ ವಾರಕ್ಕೊಮ್ಮೆ ಆಗುತ್ತದೆ, ಅದೇನು ನಕ್ಷತ್ರವೋ. ಅದರಾಗೂ ಸಕ್ಕರೆ ಕಾಯಿಲೆ ಇಟ್ಟುಕೊಂಡು ಲೈಸೆನ್ಸ್ ರಿನ್ಯೂ ಮಾಡಿಸಿದ ಆ ವರ್ಷ ಐತಲ್ಲ, ಅಂಥಾ ವರ್ಷ ಮತ್ತೆ ಬರಲಿಲ್ಲ.

ಹಿಂದಿನ ಡಬ್ಬಿಯ ಮಂದಿ

ಮೊದಲು ನಾನು ಎಂಥಾ ಡ್ರೈವರ ಅಂತ ಹೇಳಬೇಕು. ನಮ್ಮೂರು ಬೆಳಗಾವಿ ಜಿಲ್ಲೆಯಾಗ, ಕೃಷ್ಣಾ ನದಿಯ ದಂಡೆಗೆ. ಎತ್ತ ನೋಡಿದರೂ ಕಬ್ಬು. ಬ್ಯಾರೆ ಹುಡುಗರು ಸೈಕಲ್ ಕಲಿಯುವ ವಯಸ್ಸಿನಾಗ ನಾನು ಸೋದರಮಾವನ ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ. ಹಿಂದೆ ಕಬ್ಬು ತುಂಬಿದ ಎರಡು ಡಬ್ಬಿ, ಅಂದರೆ ಟ್ರೇಲರು. ಎರಡು ಡಬ್ಬಿ ಕಟ್ಟಿಕೊಂಡು ರಿವರ್ಸ್ ಹೋಗೋದು ಅಂದರೆ ಹಾವನ್ನ ಬಾಲದ ಕಡೆಯಿಂದ ಬಿಲಕ್ಕೆ ತುಂಬಿದ ಹಂಗ. ನಾನು ಸಕ್ಕರೆ ಕಾರ್ಖಾನೆ ಅಂಗಳದಾಗ ರಿವರ್ಸ್ ತಗೋತೀನಿ ಅಂದರೆ ಮಂದಿ ಚಹಾ ಬಿಟ್ಟು ನೋಡಲು ಬರುತ್ತಿದ್ದರು. ಆ ಹಸಿ ಕಬ್ಬಿನ ವಾಸನೆ, ಸಾಲು ಹಿಡಿದು ನಿಂತಾಗ ಡಬ್ಬಿಯಿಂದ ಎಳೆದುಕೊಂಡು ತಿಂದ ಜಲ್ಲೆ, ಈಗಲೂ ನೆನೆದರೆ ಹಲ್ಲು ಜುಮ್ ಅಂತಾವ.

ಮುಂದೆ ಮೊದಲನೇ ಲೈಸೆನ್ಸಿಗೆ ಕಾರಿನ ಪರೀಕ್ಷೆ ಕೊಟ್ಟೆ. ಇನ್‌ಸ್ಪೆಕ್ಟರು ಪಕ್ಕದಾಗ ಕೂತು, "ರಿವರ್ಸ್ ತಗೋ" ಅಂದರು. ನಾನು ಕನ್ನಡಿ ಗಿನ್ನಡಿ ನೋಡಲಿಲ್ಲ. ಅರ್ಧ ಎದ್ದು, ಕಿಟಕಿಯಿಂದ ಸೊಂಟದ ತನಕ ಹೊರಗೆ ಬಂದು, "ಹೈ! ಹೈ! ಬಾಜೂ ಸರೀರಿ, ಕಾಲು ಮ್ಯಾಲ ತಗೊಳ್ರಿ!" ಅಂತ ಒದರುತ್ತಾ ಗೆರೆ ಎಳೆದ ಹಂಗ ಹಿಂದೆ ಒಯ್ದೆ.

ಇನ್‌ಸ್ಪೆಕ್ಟರು ಕೇಳಿದರು, "ಯಾರಿಗಲೇ ಒದರಾಕ ಹತ್ತೀದಿ?"

"ಡಬ್ಬಿ ಮ್ಯಾಲ ಕುಂತ ಮಂದಿಗ್ರೀ."

ಅವರು ಹಿಂದೆ ತಿರುಗಿ ಖಾಲಿ ರಸ್ತೆ ನೋಡಿದರು. ಸಹಿ ಹಾಕಿದರು. "ಪಾಸ್ ಆಗೀದಿ. ಹೋಗೂ ಮುಂದ ಆ ಮಂದೀನ್ನೂ ಇಳಿಸ್ಕೊಂಡು ಹೋಗು."

ಕಲ್ಲು ಎತ್ತಿದಾಂವ

ಊರು ಬಿಟ್ಟು ಪುಣೆಯ ಕಾತ್ರಜದಾಗ ಬಸ್ಸು ಇಳಿದವ ನಾನು. ಮುಂದೆ ಖರಾಡಿಯ ಐಟಿ ಕಂಪನಿಯೊಂದರ ಮಂದಿಯನ್ನ ಮನೆಯಿಂದ ಆಫೀಸಿಗೆ ಒಯ್ಯುವ ಗಾಡಿ ಹಿಡಿದೆ. ಬಾಡಿಗೆ ಗಾಡಿ ಹೊಡೆಯುವ ಲೈಸೆನ್ಸು ಬ್ಯಾರೆ ಇರತೈತಿ. ಅದನ್ನ ರಿನ್ಯೂ ಮಾಡಿಸಬೇಕಾದರೆ ಡಾಕ್ಟರ ಸರ್ಟಿಫಿಕೇಟು ಬೇಕು. ನನ್ನ ಲೈಸೆನ್ಸು ಬರುವ ಜನವರಿಗೆ ಮುಗಿಯುವುದಿತ್ತು. ಆ ಮಳೆಗಾಲದಾಗ ನನಗೆ ನೀರಡಿಕೆ ಶುರುವಾಯಿತು. ನನ್ನ ಬಾಟಲಿ ಮುಗಿಸಿ ಪ್ಯಾಸೆಂಜರುಗಳ ಬಾಟಲಿಗೆ ಕೈ ಹಾಕತೊಡಗಿದೆ. ಪ್ಯಾಂಟು ಸಡಿಲಾದವು.

ಧಾರವಾಡದ ಕಡೆಯ ಡಾಕ್ಟರಬಾಯಿ ಒಬ್ಬರ ದವಾಖಾನೆಗೆ ಹೋದೆ. "ಇಷ್ಟ್ಯಾಕ ನೀರು ಕುಡೀತೀಯಪ್ಪಾ?" ಅಂತ ಕೇಳಿದರು.

"ಬಿಸಲಿಗ್ರೀ."

"ಹೊರಗ ಮಳಿ ಸುರಿಯಾಕ ಹತ್ತದನೋ ಮಾರಾಯಾ!"

ರಕ್ತ ನೋಡಿ ಹೇಳಿದರು, "ನಿನ್ನ ಮೈಯಾಗ ಇನ್ಸುಲಿನ್ ತಯಾರ ಆಗವಲ್ದು. ಇನ್ನ ದಿನಾ ಸೂಜಿ ಚುಚ್ಚಿಕೋಬೇಕು."

"ಬಾಯಾರ, ಯಾರದೋ ರಕ್ತ ಅದಲಿಬದಲಿ ಆಗೇತಿ. ನಾ ಗರಡಿ ಹುಡುಗ. ನಾ ಎತ್ತಿದ ಕಲ್ಲು ಇವತ್ತಿಗೂ ನಮ್ಮೂರ ಹನುಮಪ್ಪನ ಗುಡಿ ಮುಂದ ಬಿದ್ದೈತಿ, ಮತ್ತ ಯಾವನೂ ಎತ್ತಿಲ್ಲ."

"ಸಕ್ಕರಿ ಬರೂ ಮುಂದ ಕಲ್ಲು ಎತ್ತೀಯೇನು ಅಂತ ಕೇಳಂಗಿಲ್ಲಪ್ಪಾ. ಹೋಗ್ಲಿ, ಮತ್ತೊಮ್ಮೆ ನೋಡೂಣು, ಬೆರಳು ಕೊಡು."

ಸೂಜಿ ಹೊರಬಂತು. ಆಮ್ಯಾಲ ನಾನು ಬಿದ್ದೆ ಅಂತ ಅಲ್ಲಿಯ ನರ್ಸ್ ಇವತ್ತಿಗೂ ಹೇಳುತ್ತಾಳೆ. ಸುಳ್ಳು. ನಾನು ಕೂತೆ. ನೆಲ ಸ್ವಲ್ಪ ಕೆಳಗಿತ್ತು, ಅಷ್ಟೇ.

ಮುಖಕ್ಕೆ ನೀರು ಹೊಡೆದು ಎಬ್ಬಿಸಿದ ಮ್ಯಾಲೆ ನಾನು ಕೇಳಿದ್ದು ಒಂದೇ ಮಾತು. "ನನ್ನ ಗಾಡಿ?"

ಡಾಕ್ಟರಬಾಯಿ ನಗಲಿಲ್ಲ. "ಸಕ್ಕರಿ ಹತೋಟಿಯೊಳಗ ಇರಬೇಕು. ಭಾಳ ಇಳಿದ್ರ ತಲಿ ತಿರುಗ್ತದ, ಎಚ್ಚರ ತಪ್ಪತದ. ಹಂಗ ಆಗೂ ಮೊದಲ ಗಾಡಿ ನಿಲ್ಲಿಸೂ ಶಾಣ್ಯಾತನ ನಿನಗ ಅದ ಅಂತ ನನಗ ಖಾತ್ರಿ ಆದ್ರ ಬರದು ಕೊಡ್ತೀನಿ. ಇಲ್ಲಂದ್ರ ಇಲ್ಲ. ಹಿಂದ ಕುಂತವರ ಜೀವಾ ನನ್ನ ಸಹಿ ಮ್ಯಾಲ ಇರ್ತದ."

ಸ್ಟೇರಿಂಗ್ ಇಲ್ಲದ ನಾನು ಅಂದರೆ ಏನು? ಆ ದಿನ ವಾಡೆಗೆ ನಡೆದುಕೊಂಡೇ ಹೋದೆ. ದವಾಖಾನೆ ಮುಂದೆ ಗಾಡಿ ಬಿಟ್ಟು ಬಂದದ್ದು ಮನೆ ಮುಟ್ಟಿದ ಮ್ಯಾಲೆ ನೆನಪಾಯಿತು.

ಒಂದರಿಂದ ನಾಲ್ಕು

ವಾಡೆಯ ಮಾಲಕಿ ಒಬ್ಬ ಮರಾಠಿ ಮುದುಕಿ. ನಾವೆಲ್ಲ ಆಜಿ ಅನ್ನುತ್ತಿದ್ದೆವು. ಸದಾಶಿವ ಪೇಠದವರಿಗೆ ಬಾಯಿಂದ ಹೇಳುವುದಕ್ಕಿಂತ ಬೋರ್ಡು ಬರೆದು ತೂಗುಹಾಕುವುದು ಹೆಚ್ಚು ಸಲೀಸು. ಆಜಿಯ ವಾಡೆಯಾಗ ನಳಕ್ಕೊಂದು, ಮೆಟ್ಟಿಲಿಗೊಂದು, ಚಪ್ಪಲಿಗೊಂದು ಬೋರ್ಡು. ನನ್ನ ಕಾಯಿಲೆ ತಿಳಿದ ದಿನ ಆಕೆ ಕಣ್ಣೀರು ಹಾಕಲಿಲ್ಲ. ಸುಣ್ಣದ ಕಡ್ಡಿ ತಗೊಂಡಳು.

ಮರುದಿನದಿಂದ ಬೆಳಿಗ್ಗೆ ಕೋಲಿನಿಂದ ಬಾಗಿಲು ಬಡಿದು, "ಸುಯಿ ಝಾಲೀ ಕಾ ರೇ?" ಅಂತ ಕೇಳುವಳು. ಸೂಜಿ ಆಯಿತೇನೋ ಅಂತ. ಇಡೀ ವಾಡೆಗೆ ಅದೇ ಕೋಳಿಕೂಗು. ಗಿರಣಿಯವನೂ ನನ್ನ ಸೂಜಿಯ ಮ್ಯಾಲೆ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ. ಮತ್ತು ನನ್ನ ಬಾಗಿಲಿಗೆ ಈ ಮರಾಠಿ ಬೋರ್ಡು ಬಂತು:

"ಇಲ್ಲಿರುವ ಹುಡುಗನಿಗೆ ಸಕ್ಕರೆ ಕಾಯಿಲೆ ಇದೆ. ಅವನಿಗೆ ಸಿಹಿ ತಂದವರು ಅವನ ಬಾಗಿಲು ಬಡಿಯದೆ ಮಾಲಕಿಗೆ ಒಪ್ಪಿಸತಕ್ಕದ್ದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಿಹಿ ಸ್ವೀಕರಿಸಲಾಗುವುದಿಲ್ಲ."

ಊರಿಂದ ಸೋದರಮಾವ ನನ್ನನ್ನು ನೋಡಲು ಬಂದ. ಟ್ರ್ಯಾಕ್ಟರ್ ಕಲಿಸಿದ ಗುರು, ಬರಿಗೈಲಿ ಬರುತ್ತಾನೆಯೇ? ಬೆಳಗಾವಿ ಕುಂದಾದ ದೊಡ್ಡ ಡಬ್ಬಿ ತಂದಿದ್ದ. ಬಂದದ್ದು ಮಧ್ಯಾಹ್ನ ಎರಡಕ್ಕೆ, ಆಜಿಯ ನಿದ್ದೆಯ ಹೊತ್ತಿಗೆ. ನಾನು ಡ್ಯೂಟಿ ಮೇಲೆ. ಗಿರಣಿಯವ ಬೋರ್ಡು ಓದಿ ಹೇಳಿದ. ಮಾವ ಮರ್ಯಾದೆಯ ಮನುಷ್ಯ. ಅಂಗಳದ ಕಟ್ಟೆಯ ಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತ. ಹಸಿವಾಯಿತು. ಒಂದು ಚೂರು ತಿಂದ. ಗಿರಣಿಯವನಿಗೂ ಒಂದು ಚೂರು ಕೊಟ್ಟ.

ನಾಲ್ಕಕ್ಕೆ ಸರಿಯಾಗಿ ಬಾಗಿಲು ತೆರೆದ ಆಜಿ ಡಬ್ಬಿಯೊಳಗೆ ಇಣುಕಿದಳು. ತಳ ಕಾಣುತ್ತಿತ್ತು. ಒಳಗೆ ಹೋಗಿ ಸುಣ್ಣದ ಕಡ್ಡಿ ತಂದು ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆದಳು: "ಕಾಯುವವರು ತಿನ್ನಬಾರದು."

ಗಾಣದ ಗೆಜ್ಜೆ

ಸಕ್ಕರೆ ಇಳಿದರೆ ಕೂಡಲೇ ಬಾಯಿಗೆ ಹಾಕಲು ಸಿಹಿ ಇಟ್ಟುಕೊಂಡಿರು ಅಂತ ಡಾಕ್ಟರಬಾಯಿ ಹೇಳಿದ್ದರು. ಇಡೀ ವಾಡೆಯಾಗ ಆಜಿ ಒಪ್ಪಿದ ಸಿಹಿ ಅದೊಂದೇ. ಸ್ಟೇರಿಂಗ್ ಬಾಜೂ ಒಂದು ಸ್ಟೀಲ್ ಡಬ್ಬಿಯಾಗ ನಮ್ಮೂರ ಬೆಲ್ಲ ಇಟ್ಟಿದ್ದೆ. ಮುಂದಿನ ಸೀಟಿಗೆ ದಿನಾ ಬೆಂಗಳೂರಿನ ಒಬ್ಬ ತರುಣ ಕೂಡುತ್ತಿದ್ದ. ಒಂದು ದಿನ ಡಬ್ಬಿ ತೆಗೆದ. "ಏನಣ್ಣ ಇದು?"

ಔಷಧ ಅಂತ ಹೇಳಬಹುದಿತ್ತು. ಆದರೆ ನಮ್ಮೂರ ಬೆಲ್ಲವನ್ನ ಔಷಧ ಅಂತ ಹೇಳುವ ನಾಲಿಗೆ ನನಗಿಲ್ಲ. "ನಮ್ಮೂರ ಬೆಲ್ಲ. ತಿಂದು ನೋಡ್ರಿ, ನಿಮ್ಮ ಬೆಂಗಳೂರಾಗ ಸಿಗಂಗಿಲ್ಲ" ಅಂದೆ.

"ಸೂಪರ್ ಆಗಿದೆ ಕಣಣ್ಣ!" ಅಂದವ ದಿನಾ ಸೂಪರ್ ಅನ್ನತೊಡಗಿದ.

ದೀಪಾವಳಿ ಮುಗಿದ ಹೊಸದರಾಗ ಒಂದು ಮುಂಜಾನೆ, ಖರಾಡಿ ಇನ್ನೂ ದೂರ, ನನಗೆ ಬೆವರು ಬಂತು. ಕೈ ನಡುಗಿದವು. ಡಬ್ಬಿ ತೆಗೆದರೆ ಖಾಲಿ! ಬೆಂಗಳೂರಿನವನ ಗಲ್ಲ ಆಡುತ್ತಿತ್ತು. ನಾನು ಅಲ್ಲೇ ಎಡಕ್ಕೆ ತಗೊಂಡು ಗಾಡಿ ನಿಲ್ಲಿಸಿ ಕೀಲಿ ಕಿತ್ತೆ.

"ಇಲ್ಲ್ಯಾಕೆ ನಿಲ್ಲಿಸಿದ್ರಿ? ಮೀಟಿಂಗ್ ಶುರುವಾಗಿದೆ!" ಅಂತ ಹಿಂದಿದ್ದ ಮೇಡಂ ಫೋನಿಗೆ ಕೈ ಅಡ್ಡ ಹಿಡಿದು ಕೂಗಿದರು.

"ನನಗ ಸಕ್ಕರಿ ಇಳದೈತ್ರಿ ಮೇಡಂ. ಏರೂತನಕ ಗಾಡಿ ಅಲುಗಂಗಿಲ್ಲ."

ನನ್ನ ಅದೃಷ್ಟ ನೋಡ್ರಿ, ಎದುರಿಗೆ ಕಬ್ಬಿನ ರಸದಂಗಡಿ. ಪುಣೆಯ ಕಬ್ಬಿನ ಗಾಣಕ್ಕೆ ಗೆಜ್ಜೆ ಕಟ್ಟಿರುತ್ತಾರೆ, ತಿರುಗಿಸಿದರೆ ಝಲ್ ಝಲ್ ಅನ್ನತೈತಿ. ಒಂದು ಗ್ಲಾಸು ಒಳಗಿಳಿಯುತ್ತಿದ್ದಂತೆ ನನಗೆ ಆ ಗೆಜ್ಜೆ ಕೇಳಿಸಿತು. ನಮ್ಮ ಎತ್ತುಗಳು ಹಿಂಗೇ ಸದ್ದು ಮಾಡುತ್ತಾ ಹೊಲದಿಂದ ಬರುತ್ತಿದ್ದವು. ಅವ್ವ ಆ ಸದ್ದು ಕೇಳಿಯೇ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಟ್ರ್ಯಾಕ್ಟರ್ ಬಂದ ವರ್ಷ ಎತ್ತು ಮಾರಿದರು, ಗೆಜ್ಜೆಸರ ಮಾತ್ರ ಗೂಟಕ್ಕೆ ತೂಗುತ್ತಿತ್ತು. ಖರಾಡಿಯ ಗಾಜಿನ ಕಟ್ಟಡಗಳ ಹಾದಿಯಾಗ ನಿಂತು ನಾನು ಒಂದು ಗಳಿಗೆ ನಮ್ಮ ಕಣದಾಗ ಇದ್ದೆ.

ಅಷ್ಟರಲ್ಲಿ ನನ್ನ ಬೆನ್ನು ಹತ್ತಿ ಅಂಗಡಿಗೆ ಬಂದಿದ್ದ ಮೇಡಂ ಫೋನಿನಿಂದ ಮೀಟಿಂಗಿನ ಸಾಹೇಬರ ದನಿ ಕೇಳಿತು. ಗೆಜ್ಜೆ ಸದ್ದು ಅವರಿಗೂ ಮುಟ್ಟಿತ್ತು. "ಓ, ನಿಮ್ಮಲ್ಲಿ ಪೂಜೆ ನಡೆದಿದೆಯಾ? ಮುಗಿಯಲಿ, ಮುಗಿಯಲಿ. ನಾವು ಕಾಯ್ತೀವಿ."

ಇಡೀ ಆಫೀಸು ಮೌನವಾಗಿ ಭಕ್ತಿಯಿಂದ ಕಾಯಿತು. ನಾನು ಇನ್ನೊಂದು ಗ್ಲಾಸು ಹೇಳಿದೆ.

ಎಳ್ಳಿನ ಲಾಡು

ಈ ಸುದ್ದಿಯನ್ನ ಡಾಕ್ಟರಬಾಯಿಗೆ ನಾನೇ ಮೀಸೆ ತಿರುವಿ ಹೇಳಿದೆ. ಇನ್ನೇನು, ಲೈಸೆನ್ಸು ಹೋಯಿತು ಅಂತ ಜೊತೆಗೆ ಬಂದಿದ್ದ ಆಜಿ ಹಣೆ ಬಡಿದುಕೊಂಡಳು. ಡಾಕ್ಟರಬಾಯಿ ಕೇಳಿದರು, "ಮಂದಿ ಬೈದರೂ ಗಾಡಿ ಚಾಲೂ ಮಾಡಲಿಲ್ಲೇನು?"

"ಕೀಲಿ ಬನಿಯನ್ ಒಳಗ ಹಾಕ್ಕೊಂಡು ಕುಂತಿದ್ನಿರೀ."

"ನನಗ ಬೇಕಾಗಿದ್ದದ್ದು ಅದ." ಮೂರು ತಿಂಗಳ ಸಕ್ಕರೆ ಲೆಕ್ಕವನ್ನೂ ನೋಡಿ ಸಹಿ ಹಾಕಿದರು.

ಆರ್‌ಟಿಒ ಕಚೇರಿಗೆ ಹೋಗಲು ನನಗೆ ಸಿಕ್ಕ ದಿನ ಸಂಕ್ರಾಂತಿಯ ಮರುದಿನ. ಆ ದಿನಗಳಲ್ಲಿ ಪುಣೆಯಾಗ ವೈರಿ ಎದುರಾದರೂ "ತಿಳಗುಳ ಘ್ಯಾ, ಗೋಡ ಗೋಡ ಬೋಲಾ" ಅಂತ ಎಳ್ಳಿನ ಲಾಡು ಕೈಗಿಡುತ್ತಾನೆ. ನಾವು ಎಳ್ಳುಬೆಲ್ಲ ಹಂಚಿ ಒಳ್ಳೆ ಮಾತಾಡೂಣು ಅಂದಂಗ. ಬ್ಯಾಡ ಅಂದರೆ ಜಗಳ ಬೇಕು ಅಂದಂಗ. ಗೇಟಿನ ಸಿಪಾಯಿ ಕೊಟ್ಟ. ಝೆರಾಕ್ಸಿನವಳು ಕೊಟ್ಟಳು. ಸಾಲಿನಲ್ಲಿ ನಿಂತ ರಿಕ್ಷಾದವರು ಕೊಟ್ಟರು. ಕೊಟ್ಟದ್ದನ್ನೆಲ್ಲ ಕಿಸೆಗೆ ಇಳಿಸಿದೆ. ಆರ್‌ಟಿಒ ಸಾಹೇಬರ ಮುಂದೆ ನಿಲ್ಲುವ ಹೊತ್ತಿಗೆ ಎರಡೂ ಕಿಸೆ ಉಬ್ಬಿ ಚೀಲವಾಗಿದ್ದವು.

ಸಾಹೇಬರು ಸರ್ಟಿಫಿಕೇಟು ಓದಿದರು. "ಡಯಾಬಿಟೀಸ್?"

"ಹೌದ್ರಿ ಸಾಹೇಬ್ರ. ಆದ್ರ ನಾ ಗರಡಿಯೊಳಗ..."

"ಗಾಡಿ ಹೊಡೆಯುವಾಗ ಎಂದಾದರೂ ಎಚ್ಚರ ತಪ್ಪಿದೆಯೇ? ಹೌದು, ಇಲ್ಲ, ಇಷ್ಟೇ ಹೇಳು."

"ಇಲ್ಲ."

ಜೀವನದಾಗ ನಾನು ಕೊಟ್ಟ ಅತಿ ಚಿಕ್ಕ ಉತ್ತರ ಅದು. ಅವರ ಕಣ್ಣು ನನ್ನ ಪ್ಯಾಂಟಿಗೆ ಇಳಿಯಿತು. "ಕಿಸೆಯಲ್ಲೇನು?"

ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟೆ. ಲಾಡುಗಳು ಉರುಳಿ ಸರ್ಟಿಫಿಕೇಟಿನ ಮೇಲೆ ಬಂದು ನಿಂತವು. ಸಾಹೇಬರು ಲಾಡು ಸರಿಸಿ ಓದಿದರು, "ಸಕ್ಕರೆ ಹತೋಟಿಯಲ್ಲಿದೆ." ಮತ್ತೆ ಲಾಡುಗಳ ಕಡೆ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

"ಸಾಹೇಬ್ರ," ಅಂದೆ, "ಹತೋಟಿ ಐತಿ ಅಂತನ ಇವು ಕಿಸೆದಾಗ ಅದಾವ. ಇಲ್ಲಂದ್ರ ಹೊಟ್ಟ್ಯಾಗ ಇರತಿದ್ವು."

ಸಾಹೇಬರು ನಗಲು ಶುರು ಮಾಡಿದವರು ಕೆಮ್ಮಿನ ತನಕ ಹೋದರು. ಪೆನ್ನಿನ ಮುಚ್ಚಳ ತೆಗೆದರು, ಸಹಿ ಬಿತ್ತು. ಆಮೇಲೆ ಅತ್ತಿತ್ತ ನೋಡಿ ಒಂದು ಲಾಡು ಬಾಯಿಗೆ ಹಾಕಿಕೊಂಡರು. "ನನಗೂ ಸಕ್ಕರೆ ಇದೆ. ಆದರೆ ನನಗೆ ಹತೋಟಿ ಇಲ್ಲ. ಹೋಗು, ಫೋಟೋ ತೆಗೆಸಿಕೋ."

ಫೋಟೋ ತೆಗೆಯುವ ಹೆಂಗಸು ಕ್ಯಾಮೆರಾ ಬಾಜೂ ಲಾಡಿನ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಕೊಟ್ಟಳು. ನಾನು ಕಿಸೆಗೆ ಇಳಿಸುವುದನ್ನು ನೋಡಿ ಆಕೆಯ ಮುಖ ಗಂಟಾಯಿತು. "ಮನೆಯಲ್ಲಿ ನಾನೇ ಕಟ್ಟಿದ್ದು. ನನ್ನ ಕಣ್ಣೆದುರು ತಿನ್ನು."

ಮುಂಜಾನೆ ಸಕ್ಕರೆ ನೋಡಿಕೊಂಡಿದ್ದೆ, ಒಂದಕ್ಕೆ ಜಾಗ ಇತ್ತು. ಬಾಯಿಗೆ ಹಾಕಿದೆ. ಅವ್ವನಾಣೆ, ನಾನು ಗುಡಿ ಮುಂದೆ ಎತ್ತಿದ ಕಲ್ಲಿಗಿಂತ ಗಟ್ಟಿ. ಕಡಿಯಲು ಬರಲಿಲ್ಲ, ನುಂಗಲು ಬರಲಿಲ್ಲ. ಬಲಗಲ್ಲಕ್ಕೆ ಸರಿಸಿ, "ತಡೀರಿ" ಅನ್ನುವಷ್ಟರಲ್ಲಿ ಆಕೆ, "ಇಕಡೇ ಬಘಾ" ಅಂದಳು. ನೋಡಿದೆ. ಕ್ಯಾಮೆರಾ ಹೊಡೆಯಿತು. ಇನ್ನೊಂದು ತೆಗೀರಿ ಅಂತ ಕೈ ಮುಗಿದೆ. ಹಿಂದಿನ ಸಾಲು ಒದರಿತು, "ಏ ಪೈಲ್ವಾನ್, ಲಗ್ನದ ಫೋಟೋ ಏನೋ? ಸರಿ ಆಚೆ!"

ಕೆಲವು ದಿನಕ್ಕೆ ಅಂಚೆಯಲ್ಲಿ ಬಂತು. ಬಾಡಿಗೆ ಗಾಡಿ ಹೊಡೆಯುವ ಲೈಸೆನ್ಸು, ಐದು ವರ್ಷಕ್ಕೆ, ಬಲಗಲ್ಲ ಉಬ್ಬಿದ ಫೋಟೋ ಸಹಿತ.